ಆಸಿಡ್ ಇಲ್ಲದ ಉರಿ

ದೊಡ್ಡಪ್ಪನ ಎದೆಯುರಿ ಬರೀ ಭ್ರಮೆ ಎಂದು ಮನೆಯವರನ್ನೆಲ್ಲ ನಂಬಿಸಿದವನು ನಾನು. ಅದು ಸುಳ್ಳೆಂದು ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ — ನನ್ನ ಪಾಪ ಅದು.

ಎಪ್ಪತ್ತರ ದಶಕದ ಮಾತು. ಸೊಲ್ಲಾಪುರದಲ್ಲಿ ನಮ್ಮದು ಟಾವೆಲ್, ಚಾದರಗಳ ಅಂಗಡಿ. ಗಾದಿಯ ಮೇಲೆ ಕೂತು ವ್ಯಾಪಾರ ನಡೆಸುತ್ತಿದ್ದವರು ದೊಡ್ಡಪ್ಪ. ಹುಣ್ಣಾಯಿತೆಂದು ಅವರ ಜಠರದ ಅರ್ಧ ಕತ್ತರಿಸಿ, ಉಳಿದದ್ದನ್ನು ಕರುಳಿಗೆ ಜೋಡಿಸಿದ್ದರು. ಉರಿ ಮಾತ್ರ ನಿಲ್ಲಲಿಲ್ಲ. ಗಿರಾಕಿಗಳ ಎದುರೇ ಎದೆ ಹಿಡಿದುಕೊಂಡು ಏಳುವರು. ಪರೀಕ್ಷೆ ಮಾಡಿಸಿದರೆ ಆಸಿಡ್ ಹೆಸರಿಗೂ ಇಲ್ಲ. ಆಗಷ್ಟೇ ಡಾಕ್ಟರಾಗಿ ಪ್ರಯೋಗಾಲಯವೊಂದಕ್ಕೆ ಸೇರಿದ್ದೆ ನಾನು, ಕೊಂಬು ಬಂದಿತ್ತು. ಎಲ್ಲರೆದುರು ತೀರ್ಪು ಕೊಟ್ಟೆ:

"ಹೊಟ್ಟ್ಯಾಗ ಆಸಿಡ್ಡೇ ಇಲ್ಲ, ಉರಿ ಎಲ್ಲಿಂದ ಬರ್ತದ್ರಿ? ಇದು ಮನಸಿಂದು."

ಭ್ರಮೆ ಹಿಡಿದವನ ಕೈಯಲ್ಲಿ ವ್ಯಾಪಾರ ಯಾರು ಬಿಡುತ್ತಾರೆ? ಗಾದಿಗೆ ನನ್ನ ಅಪ್ಪ ಬಂದರು. ದೊಡ್ಡಪ್ಪ, ದೊಡ್ಡವ್ವ ಇಬ್ಬರೂ ಸ್ವಾಮಿಗಳ ಸನ್ನಿಧಿಯಲ್ಲಿ ಗುಣವಾದೀತೆಂದು ಅಕ್ಕಲಕೋಟೆಗೆ ಹೋಗಿ ಉಳಿದರು.

ಆಮೇಲೆ ಆ ದಿನ! ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಕಟುಕರಿಂದ ಬಿಸಿಬಿಸಿಯಾಗಿಯೇ ತಂದ ಕುರಿಯ ಅನ್ನನಾಳ — ನಮ್ಮ ಮಡಿವಂತ ಮನೆಯಲ್ಲಿ ಗೊತ್ತಾಗಿದ್ದರೆ ನನ್ನನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ! ಪ್ರಯೋಗಾಲಯದಲ್ಲಿ ಅದರ ಒಳಪದರವನ್ನು ಎರಡು ಗಾಜಿನ ಕೊಳವೆಗಳ ನಡುವೆ ಬಿಗಿದಿದ್ದೆ. ಪದರ ಗಟ್ಟಿಯಿದ್ದರೆ ಮೀಟರಿನ ಮುಳ್ಳು ಏರಿ ನಿಲ್ಲುತ್ತದೆ, ಸೋರತೊಡಗಿದರೆ ಇಳಿಯುತ್ತದೆ. ತೆಳು ಆಸಿಡ್‌ಗೆ ಬಹಳ ಹೊತ್ತು ಜಗ್ಗಲಿಲ್ಲ — ಭಲೆ ಪದರ! ಇನ್ನೊಂದು ತುಣುಕಿಗೆ ಬರೀ ಪಿತ್ತ ಹಾಕಿದೆ, ಒಂದು ಹನಿ ಆಸಿಡ್ ಸೇರಿಸದೆ. ಮುಳ್ಳು ಸರ್ರನೆ ಇಳಿಯಿತು. ಹೊಸ ತುಣುಕು ತಂದೆ, ಮತ್ತೆ ಇಳಿಯಿತು! ಕುಣಿದಾಡಿಬಿಟ್ಟೆ. ಪಿತ್ತವೊಂದೇ ಸಾಕು, ಆ ಕಾವಲು ಮುರಿಯುತ್ತದೆ. ಕತ್ತರಿಸಿ ಜೋಡಿಸಿದ ಜಠರಕ್ಕೆ ಕರುಳಿನ ಪಿತ್ತ ನೇರ ನುಗ್ಗುತ್ತದೆ, ಅಲ್ಲಿಂದ ಮೇಲಕ್ಕೆ, ಅನ್ನನಾಳಕ್ಕೆ — ಅಯ್ಯೋ, ದೊಡ್ಡಪ್ಪ!

ಏಪ್ರನ್ ಕೂಡ ಬಿಚ್ಚದೆ ಅಕ್ಕಲಕೋಟೆಯ ಬಸ್ಸು ಹತ್ತಿದೆ. ನಡುದಾರಿಯ ವಳಸಂಗದವರೆಗೂ ಒಬ್ಬನೇ ನಗುತ್ತಿದ್ದೆ. ಪಕ್ಕದಾತ ದೂರ ಸರಿದು ಕೂತ. ವಳಸಂಗ ದಾಟಿದ ಮೇಲೆ ಗಾದಿಯ ಮೇಲಿದ್ದ ಅಪ್ಪ ನೆನಪಾದರು. ನಾನು ಎಲ್ಲರೆದುರು ಆಡಿದ ಮಾತೂ ನೆನಪಾಯಿತು — ಅದನ್ನು ಎಲ್ಲರೆದುರೇ ನುಂಗಬೇಕಲ್ಲ...

ದೊಡ್ಡಪ್ಪ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕಂಡದ್ದೇ ಕೇಳಿದರು.

"ಖರೇ ಹೇಳಪಾ, ನಂದು ಬರೇ ಭ್ರಮಾ ಏನು? ನೀ ಅಲ್ಲ ಅಂದ್ರ ನಾಳೀನೇ ಅಂಗಡಿಗಿ ಬರ್ತೀನಿ."

ಸುದ್ದಿ ನಾಲಿಗೆಯ ತುದಿಯಲ್ಲಿತ್ತು.

"ಭ್ರಮಾನೇರಿ ದೊಡ್ಡಪ್ಪಾ. ಇಲ್ಲೇ ಇರ್ರಿ, ಆರಾಮ ಆಗ್ತದ."

ಅವರು ತಲೆಯಾಡಿಸಿದರು. ಮತ್ತೆಂದೂ ಅಂಗಡಿಯ ಮಾತೆತ್ತಲಿಲ್ಲ. ನಾನು ಹಿಂದಿರುಗಿ ಗೆಳೆಯರಿಗೆಲ್ಲ ಮುಳ್ಳು ಇಳಿಯುವುದನ್ನು ತೋರಿಸಿ ಶಾಭಾಸ್ ಎನಿಸಿಕೊಂಡೆ.

ಅವರು ತೀರಿಕೊಂಡ ಮೇಲೆ ದೊಡ್ಡವ್ವ ಹೇಳಿದಳು:

"ಎದಿ ಉರದಾಗೆಲ್ಲ ಗಲ್ಲಾ ಗಲ್ಲಾ ಬಡಕೊಂತಿದ್ರಪಾ. ಉರಿ ಸುಳ್ಳ ಅದ, ನನ್ನ ಮನಸೇ ಕೆಟ್ಟದ, ಕ್ಷಮಾ ಮಾಡು ಸ್ವಾಮಿ ಅಂತಿದ್ರು. ನೀ ಒಬ್ಬಾಂವರೆ ಖರೇ ಹೇಳಿದೆಲ್ಲ, ಪುಣ್ಯಾ ಬರ್ಲಿ ನಿನಗ."

ಹೇಳುತ್ತ ನನ್ನ ಎರಡೂ ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ. ಆಗಲೂ ಹೇಳಲಿಲ್ಲ.