ಒಣ ಎಂದು ಓದಿದ ತಿರುವು

ಹದಿನಾರು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ, ಮಾದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನ ಒಳರಸ್ತೆಯಲ್ಲಿ ರ‍್ಯಾಲಿ ಕಾರೊಂದು ಎಡ ತಿರುವಿನಲ್ಲಿ ಜಾರಿ ಸಿಲ್ವರ್ ಓಕ್ ಮರಕ್ಕೆ ಬಡಿಯಿತು. ಚಾಲಕನ ಬಲ ಮೊಣಕಾಲು ಮುರಿಯಿತು. ಸಹಚಾಲಕನಿಗೆ ಗಾಯವಾಗಲಿಲ್ಲ. ಸಹಚಾಲಕ ನಾನು.

ಆಗ ನಾನು ಸೋಮವಾರಪೇಟೆಯಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಆ ಚಾಲಕನ ಪರಿಚಯವಾದದ್ದೂ ವರದಿಯಿಂದಲೇ. ಕೊಯ್ಲು ಮುಗಿದ ಗದ್ದೆಯಲ್ಲಿ ಕಾರುಗಳ ಓಟ ನಡೆಸುವುದು ನಮ್ಮಲ್ಲಿ ಹಳೆಯ ರೂಢಿ. ಕೂಳೆ ಉಳಿದ ನೆಲದ ಮೇಲೆ ಬಾವುಟ ನೆಟ್ಟು ಸುತ್ತು ಹಾಕುತ್ತಾರೆ. ಅಂಥ ಒಂದು ಓಟಕ್ಕೆ ಶನಿವಾರಸಂತೆಯ ಒಬ್ಬ ಹುಡುಗ ಯಾರದೋ ಹಳೆಯ ಕಾರು ಕೇಳಿ ತಂದು, ಬೆಂಗಳೂರು, ಕೊಯಮತ್ತೂರುಗಳಿಂದ ಬಂದ ಸಿದ್ಧಪಡಿಸಿದ ಕಾರುಗಳನ್ನೆಲ್ಲ ಹಿಂದೆ ಹಾಕಿದ. ಅವನಿಗೆ ಆಗ ಇಪ್ಪತ್ತೆರಡು. ಅವನ ಅಪ್ಪನದು ಶುಂಠಿ ವ್ಯಾಪಾರ. ಒದ್ದೆ ಮಣ್ಣಿನ ದಾರಿಗಳಲ್ಲಿ ಶುಂಠಿ ಮೂಟೆ ತುಂಬಿದ ಪಿಕಪ್ ಓಡಿಸಿದ್ದೇ ಅವನ ತರಬೇತಿ. ವರದಿ ಅಚ್ಚಾದ ದಿನ ಅವನು ನಮ್ಮ ಕಚೇರಿಗೆ ಬಂದು ಬಾಗಿಲಲ್ಲೇ ನಿಂತ.

"ಪೇಪರ್ನೋರು ನೀವೇನಾ? ನಾನು ಮುಂದೆ ಹೋಗಿದ್ದು ಎರಡನೇ ಸುತ್ತಲ್ಲ, ಮೂರನೇದ್ರಲ್ಲಿ. ಎರಡನೇದ್ರಲ್ಲಿ ಸುಮ್ನೆ ಹಿಂದೆ ಹಿಂದೆ ಹೋಗಿ ನೋಡ್ತಿದ್ದೆ."

"ಏನು ನೋಡ್ತಿದ್ರಿ?"

"ಅವ್ರು ಎಲ್ಲಿ ಹೆದರ್ತಾರೆ ಅಂತ."

ಮಾರನೆಯ ದಿನ ತಿದ್ದುಪಡಿ ಹಾಕಿದೆ. ಆವತ್ತಿನಿಂದ ಅವನು ನನ್ನನ್ನು 'ಪೇಪರ್ರು' ಎಂದೇ ಕರೆದ. ಮುಂದಿನ ವರ್ಷ ರ‍್ಯಾಲಿಗೆ ಇಳಿದಾಗ ಪಕ್ಕದ ಸೀಟಿಗೆ ನನ್ನನ್ನು ಕೂರಿಸಿಕೊಂಡ. ಕಾರಣ ಕೇಳಿದ್ದಕ್ಕೆ, "ನೀನು ಬರ್ಕೊಳ್ಳದೆ ಏನೂ ಬಿಡಲ್ಲ ಕಣೋ. ನಂಗೆ ಅಂಥೋನೇ ಬೇಕು" ಎಂದ.

ಸಹಚಾಲಕನ ಕೆಲಸ ಓದುವುದು. ಓಟದ ಹಿಂದಿನ ದಿನ ಇಬ್ಬರೂ ನಿಧಾನವಾಗಿ ದಾರಿ ಸುತ್ತಿ ಪ್ರತಿಯೊಂದು ತಿರುವನ್ನೂ ಪುಸ್ತಕದಲ್ಲಿ ಗುರುತಿಸುತ್ತಾರೆ. ಎಡವೋ ಬಲವೋ, ಎಷ್ಟು ಬಿಗಿ ಎಂಬುದಕ್ಕೊಂದು ಅಂಕಿ, ಮುಂದಿನ ತಿರುವಿಗೆ ಎಷ್ಟು ಮೀಟರು, ನೆಲ ಒಣವೋ ಜಾರೋ. ಓಟದ ದಿನ ಸಹಚಾಲಕ ಅದನ್ನು ಹೆಲ್ಮೆಟ್ಟಿನ ಮೈಕಿನಲ್ಲಿ ಓದುತ್ತಾನೆ. ತಿರುವು ಕಾಣುವ ಮೊದಲೇ ಚಾಲಕ ಅದಕ್ಕೆ ತಕ್ಕಂತೆ ಕಾರನ್ನು ಅಣಿಮಾಡುತ್ತಾನೆ. ಕಿವಿಯಲ್ಲಿ ಇನ್ನೊಬ್ಬನ ಉಸಿರು ಕೇಳುತ್ತಿರುತ್ತದೆ. ಓಟದ ಮೂರು ಋತುಗಳ ಕಾಲ ನಾನು ಅವನ ಉಸಿರು ಕೇಳಿದೆ. ಅದು ಏರಿದ್ದು ಅಪರೂಪ.

ಅವನಿಗಿದ್ದ ದೋಷ ಒಂದೇ. ನಾನು ಓದಿದ್ದಕ್ಕಿಂತ ತನ್ನ ಕಣ್ಣನ್ನೇ ಹೆಚ್ಚು ನಂಬುತ್ತಿದ್ದ. ಊರ ದಾರಿಗಳಲ್ಲಿ ಅದು ನಡೆಯಿತು. ಹೊರಗೆ, ಕಾಣದ ದಾರಿಗಳಲ್ಲಿ, ಅದರಿಂದ ಸೆಕೆಂಡುಗಳು ಸೋರಿಹೋಗುತ್ತಿದ್ದವು. ಆ ಮಾರ್ಚಿಗೆ ಎರಡು ತಿಂಗಳು ಮೊದಲು ಚೆನ್ನೈನ ಒಂದು ತಂಡದ ವ್ಯವಸ್ಥಾಪಕರು ಅವನ ಓಟ ನೋಡಿ ನನ್ನ ಹತ್ತಿರ ಹೇಳಿದರು: ಮಾದಾಪುರದ ರ‍್ಯಾಲಿಗೆ ನಾವು ಬರುತ್ತೇವೆ. ಇವನು ಪುಸ್ತಕ ನಂಬಿ ಓಡಿಸುವುದನ್ನು ಒಮ್ಮೆ ತೋರಿಸಲಿ, ಮುಂದಿನ ಋತುವಿಗೆ ಕಾರು ಕೊಡುತ್ತೇವೆ.

ಅದನ್ನು ಅವನಿಗೆ ತಲುಪಿಸಿದವನು ನಾನೇ. ನನ್ನದೂ ಒಂದು ಮಾತು ಸೇರಿಸಿದೆ. "ನಾನು ಪಕ್ಕದಲ್ಲಿ ಹರಿಕಥೆ ಮಾಡೋಕೆ ಕೂತಿಲ್ಲ. ಕೇಳಿಸ್ಕೊಳ್ಳೋದಾದ್ರೆ ಬರ್ತೀನಿ."

"ಆಯ್ತು ಮಾರಾಯ. ನೀನು ಹೊಳೆ ಒಳಗೆ ಬಲಕ್ಕೆ ಅಂದ್ರೂ ಬಲಕ್ಕೇ."

ಆ ವರ್ಷ ಹೂಮಳೆ ಬರಲಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಒಂದು ಮಳೆ ಬಿದ್ದರೆ ಕಾಫಿ ಗಿಡ ಹೂ ಬಿಡುತ್ತದೆ. ಬೀಳದಿದ್ದರೆ ನೀರಿದ್ದವರು ಸ್ಪ್ರಿಂಕ್ಲರ್ ಹಾಕುತ್ತಾರೆ. ತೋಟದ ಒಂದು ಬ್ಲಾಕಿಗೆ ಶುರು ಮಾಡಿದ ಮೇಲೆ ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಅರೆ ನೆನೆದ ಮೊಗ್ಗು ಸುಟ್ಟು ಉದುರುತ್ತದೆ. ರ‍್ಯಾಲಿ ಹಾದುಹೋಗುವ ಎಸ್ಟೇಟುಗಳಿಗೆಲ್ಲ ಸಂಘಟಕರು ಶನಿವಾರ ಸಂಜೆಯಿಂದ ನೀರು ನಿಲ್ಲಿಸುವಂತೆ ಕೇಳಿಕೊಂಡಿದ್ದರು. ಎಲ್ಲರೂ ಒಪ್ಪಿದ್ದರು.

ಶನಿವಾರ ದಾರಿ ನೋಡಲು ಹೋದಾಗ ಆ ಎಸ್ಟೇಟಿನ ರೈಟರ್ ಕೈ ಅಡ್ಡ ಹಿಡಿದು ಕಾರು ನಿಲ್ಲಿಸಿದರು. ಕೆಲಸಗಾರರ ಹಾಜರಿ ನೋಡಿಕೊಳ್ಳುವ, ಸಂಪಾಜೆ ಕಡೆಯ ಹಿರಿಯರು. ನನ್ನನ್ನು ಪತ್ರಿಕೆಯವನೆಂದು ಬಲ್ಲವರು. ಅವನು ಇಳಿದು, ಏಳನೇ ಬ್ಲಾಕಿನ ಅಂಚಿನಲ್ಲಿದ್ದ ಮುಂದಿನ ತಿರುವು ನೋಡಲು ನಡೆದುಹೋಗಿದ್ದ.

"ಮಾರಾಯ್ರೆ, ಏಳನೇ ಬ್ಲಾಕಿಗೆ ನಾಳೆ ಬೆಳಿಗ್ಗೆ ಎಂಟರವರೆಗೆ ನೀರು ಬಿಡ್ಲೇಬೇಕು. ಪೈಪು ಈಗಷ್ಟೇ ಹಾಕಿದ್ದು. ಅರ್ಧಕ್ಕೆ ನಿಲ್ಸಿದ್ರೆ ಇಡೀ ಬ್ಲಾಕಿನ ಮೊಗ್ಗು ಹೋಗ್ತದೆ. ದೊರೆಗಳಿಗೆ ಯಾರು ಉತ್ತರ ಹೇಳುದು, ನಿಮ್ಮ ಕಾರಾ?"

ನಾನು ಬರೆದುಕೊಂಡೆ. ನನ್ನ ಹತ್ತಿರ ಎರಡು ಪುಸ್ತಕಗಳಿದ್ದವು. ಒಂದು ತಿರುವುಗಳದು, ತೊಡೆಯ ಮೇಲೆ. ಇನ್ನೊಂದು ವರದಿಗಾರನ ಪ್ಯಾಡು, ಅಂಗಿಯ ಜೇಬಿನಲ್ಲಿ. ಹೂಮಳೆ ಕೈಕೊಟ್ಟ ಬಗ್ಗೆ ಒಂದು ಲೇಖನ ಕೊಡಬೇಕಾಗಿತ್ತು. ಎದುರಿಗೆ ನಿಂತು ಮಾತಾಡುವವರ ಮಾತನ್ನು ಪ್ಯಾಡಿನಲ್ಲಿ ಇಳಿಸುವುದು ಹತ್ತು ವರ್ಷದ ಅಭ್ಯಾಸ. ಕೈ ಜೇಬಿಗೆ ಹೋಯಿತು. ರೈಟರ್ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಬರೆದುಕೊಂಡು, ಪ್ಯಾಡು ಮಡಚಿ, ಇನ್ನೊಂದು ಪುಸ್ತಕ ತೆರೆದೆ. ಅವನು ವಾಪಸು ಬಂದು ಹೇಳಿದ್ದನ್ನು ಅದರಲ್ಲಿ ಗುರುತಿಸಿದೆ: ಎಡ ಮೂರು, ಉದ್ದ, ಒಣ.

ಭಾನುವಾರ ಆ ದಾರಿಯಲ್ಲಿ ಮೊದಲು ಹೋದ ಕಾರು ನಮ್ಮದು. ಅವನು ಅಷ್ಟು ಚೆನ್ನಾಗಿ ಓಡಿಸಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಾನು ಓದುತ್ತಿದ್ದೆ, ಕಾರು ನನ್ನ ಮಾತಿನ ಹಿಂದೆಯೇ ತಿರುಗುತ್ತಿತ್ತು. ಆ ತಿರುವಿಗೆ ಬಂದಾಗ 'ಒಣ' ಎಂದೆ. ಕಾರು ಮರಕ್ಕೆ ಬಡಿದು ನಿಂತ ಮೇಲೂ ನಾನು ಮುಂದಿನ ಎರಡು ಸಾಲು ಓದಿದೆ. ಬಲ ನಾಲ್ಕು. ಎಂಬತ್ತು. ಆಮೇಲೆ ಮೈಕಿನಲ್ಲಿ ಅವನ ಉಸಿರು ಬೇರೆ ಥರ ಕೇಳಿಸಿತು.

ಮಧ್ಯಾಹ್ನ ಅಧಿಕಾರಿಗಳು ಸ್ಥಳ ನೋಡಲು ಬರುವ ಹೊತ್ತಿಗೆ ಜನ ತುಳಿದು ತುಳಿದು, ಬಿಸಿಲೂ ಬಿದ್ದು, ನೆಲ ಒದ್ದೆಯ ಗುರುತಿಲ್ಲದೆ ಬರೀ ಮಣ್ಣಾಗಿತ್ತು.

ಸಂಜೆ ಮಡಿಕೇರಿಯ ಒಂದು ಆಸ್ಪತ್ರೆಯ ಜಗಲಿಯಲ್ಲಿ ಕೂತು ವರದಿ ಬರೆಯಲು ಪ್ಯಾಡು ತೆಗೆದೆ. ರೈಟರ್ ಮಾತು ಮೇಲಿನ ಹಾಳೆಯಲ್ಲೇ ಇತ್ತು. ಅದನ್ನು ಓದಿದೆ. ಹಾಳೆ ಮಗುಚಿ ನಾಲ್ಕು ವಾಕ್ಯಗಳ ವರದಿ ಬರೆದೆ. ಎರಡನೆಯ ವಾಕ್ಯ: 'ಚಾಲಕನ ನಿಯಂತ್ರಣ ತಪ್ಪಿ ಕಾರು ಮರಕ್ಕೆ ಡಿಕ್ಕಿ ಹೊಡೆಯಿತು.' ರಸ್ತೆ ಅಪಘಾತದ ವರದಿ ಬರೆಯುವವರೆಲ್ಲ ಬರೆಯುವ ವಾಕ್ಯ ಅದು. ಹಾಲಿನ ವ್ಯಾನಿಗೂ ಅದೇ, ಬಸ್ಸಿಗೂ ಅದೇ. ಡೆಸ್ಕಿನವರು ಏನೂ ಕೇಳಲಿಲ್ಲ.

ಹೂಮಳೆಯ ಲೇಖನವೂ ಮುಂದಿನ ವಾರ ಬಂತು. ಅದರಲ್ಲಿ ಎಸ್ಟೇಟಿನ ಹೆಸರಿಲ್ಲದೆ ರೈಟರ್ ಮಾತೂ ಇತ್ತು. ಕಳುಹಿಸುವಾಗ ಆ ಸಾಲು ತೆಗೆಯಬೇಕೆಂದು ಕೂಡ ನನಗೆ ಹೊಳೆದಿರಲಿಲ್ಲ.

ಚೆನ್ನೈ ತಂಡದವರು ಒಂದು ಹೂಗುಚ್ಛ ಕಳುಹಿಸಿದರು. ನಂತರ ಅವರಿಂದ ಮಾತಿಲ್ಲ. ಮೊಣಕಾಲು ಕೂಡಿಕೊಳ್ಳಲು ಹದಿನಾಲ್ಕು ತಿಂಗಳು ಬೇಕಾಯಿತು. ಆಮೇಲೆ ಅವನು ಎರಡು ಗದ್ದೆ ಓಟಗಳಿಗೆ ಬಂದ, ಎರಡನ್ನೂ ಮುಗಿಸಲಿಲ್ಲ. ಅವನನ್ನು ಆಸ್ಪತ್ರೆಯಲ್ಲಿ ನಾನು ನೋಡಿದ್ದು ಮೂರು ಸಲ. ಮನೆಗೆ ಹೋದ ಮೇಲೆ ನೋಡಿದ್ದು ಒಂದು ಸಲ. ಶುಂಠಿ ವ್ಯಾಪಾರ ತಮ್ಮನ ಕೈಗೆ ಹೋಯಿತು. ಅವನು ಶನಿವಾರಸಂತೆಯ ಒಂದು ಟೈರು ಅಂಗಡಿಯ ಮಹಡಿಯ ಕೋಣೆಯಲ್ಲಿ ಒಬ್ಬನೇ ಇದ್ದಾನೆ, ಜೀಪು ಓಡಿಸುತ್ತಾನೆ ಎಂದು ಬೇರೆಯವರಿಂದ ತಿಳಿಯುತ್ತಿತ್ತು. ನಾನು ಮಡಿಕೇರಿಗೆ ವರ್ಗವಾದೆ. ಮತ್ತೆ ಯಾರ ಪಕ್ಕದಲ್ಲೂ ಕೂತು ಓದಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ನಮ್ಮ ಕಡೆಯ ಒಂದು ಮೋಟಾರು ಕ್ಲಬ್ಬಿನ ಕಾರ್ಯದರ್ಶಿ ಫೋನ್ ಮಾಡಿದರು. ಹೊಸಬರಿಗೆ ಓಟ ಕಲಿಸಲು ಕ್ಲಬ್ಬಿಗೆ ಒಬ್ಬ ತರಬೇತುದಾರ ಬೇಕಾಗಿತ್ತು. ಅವನು ಅರ್ಜಿ ಹಾಕಿದ್ದ.

"ಅರ್ಜಿ ಬಂದದ್ದೇ ನಮಗೆ ಆಶ್ಚರ್ಯ ಸಾರ್. ಆದ್ರೆ ಕಮಿಟೀಲಿ ಇಬ್ರು ಒಪ್ತಾ ಇಲ್ಲ. ಸ್ಪೀಡಿದೆ, ಕಂಟ್ರೋಲ್ ಇಲ್ಲ ಅಂತಾರೆ. ಪೇಪರ್ ಕಟಿಂಗ್ ಬೇರೆ ತಂದು ಫೈಲಿಗೆ ಹಾಕಿದ್ದಾರೆ. ನಿಮ್ದೇ ವರದಿ. ಪಕ್ಕದಲ್ಲಿ ಕೂತಿದ್ದೋರೇ ಹಾಗೆ ಬರೆದಿದ್ದಾರಲ್ಲ ಅಂತ. ನೀವೇನಂತೀರಿ?"

ಒಂದು ವಾರ ಬಿಟ್ಟು ಹೇಳುತ್ತೇನೆಂದೆ.

ಶನಿವಾರ ಶನಿವಾರಸಂತೆಗೆ ಹೋದೆ. ಸಂತೆಯ ದಿನ ಮಧ್ಯಾಹ್ನದ ಮೇಲೆ ಅವನ ಜೀಪು ಎಸ್ಟೇಟಿನ ಹೆಂಗಸರನ್ನು ಮಾದಾಪುರದ ಕಡೆಯ ಲೈನುಗಳಿಗೆ, ಎಂದರೆ ಅವರ ಸಾಲುಮನೆಗಳಿಗೆ, ಬಿಟ್ಟು ಬರುತ್ತದೆ. ನನ್ನನ್ನು ಕಂಡು ಅವನು ಆಶ್ಚರ್ಯ ತೋರಿಸಲಿಲ್ಲ. ಕೂದಲು ಪೂರ್ತಿ ನರೆತಿತ್ತು.

"ಏನ್ ಪೇಪರ್ರು. ಹತ್ತು. ಮುಂದ್ಗಡೆ ಜಾಗ ಐತೆ."

ಹಿಂದೆ ಹನ್ನೊಂದು ಜನ, ಚೀಲಗಳು, ಒಂದು ಕಟ್ಟು ಪೊರಕೆ. ಹೊರಟು ಐದು ನಿಮಿಷಕ್ಕೇ ಹಿಂದಿನಿಂದ ಒಬ್ಬಳು ಕೂಗಿದಳು.

"ಅಣ್ಣಾ, ಆ ಟ್ರ್ಯಾಕ್ಟರ್ ಕೂಡ ಮುಂದೆ ಹೋಯ್ತಲ್ಲಣ್ಣಾ! ಇಳ್ದು ತಳ್ಳದಾ?"

"ತಳ್ಳಕ್ಕ, ನಿನ್ ಚೀಲ ಇಳಿಸ್ಬುಟ್ಟು ತಳ್ಳು. ಅದ್ರಲ್ಲೇ ಅರ್ಧ ಸಂತೆ ಐತೆ."

"ಇವ್ನು ರೇಸಲ್ಲಿ ಓಡಿಸ್ತಿದ್ನಂತೆ ಕಣ್ರೇ," ಎಂದಳು ಇನ್ನೊಬ್ಬಳು.

"ಯಾವ್ದು, ಬಸವನಹುಳಿನ ರೇಸಾ?"

ಎಲ್ಲರೂ ನಕ್ಕರು. ಅವನೂ ನಕ್ಕ. ಬಲಗಾಲು ಪೂರ್ತಿ ಮಡಚುತ್ತಿರಲಿಲ್ಲ. ಬ್ರೇಕಿಗೆ ಹೋಗುವಾಗ ಸೊಂಟವನ್ನೇ ಒಂಚೂರು ತಿರುಗಿಸುತ್ತಿದ್ದ. ಗೇರು ಬದಲಾದದ್ದು ಮಾತ್ರ ನನಗೆ ಕೇಳಿಸುತ್ತಲೇ ಇರಲಿಲ್ಲ.

ಕೊನೆಯವಳು ಲೈನಿನ ಹತ್ತಿರ ಇಳಿದು ಹೋದ ಮೇಲೆ ಅವನು ಎಂಜಿನ್ ನಿಲ್ಲಿಸಿದ. ನಾನು ಹೇಳಿದೆ. ರೈಟರ್ ನಿಲ್ಲಿಸಿದ್ದು, ಪ್ಯಾಡಿನಲ್ಲಿ ಬರೆದದ್ದು, ಪುಸ್ತಕದಲ್ಲಿ ಬರೆಯದಿದ್ದದ್ದು, ಆಸ್ಪತ್ರೆಯ ಜಗಲಿಯಲ್ಲಿ ಹಾಳೆ ಮಗುಚಿದ್ದು. ಐದು ನಿಮಿಷವೂ ಹಿಡಿಯಲಿಲ್ಲ.

"ಗೊತ್ತು," ಎಂದ.

"ಯಾವಾಗಿಂದ?"

"ಆಸ್ಪತ್ರೇಲಿ ಮಲಗ್ದೋನಿಗೆ ಏನ್ ಕೆಲಸ? ನಿನ್ ಪೇಪರ್ರೇ ಓದದು. ಹೂಮಳೆ ಬಗ್ಗೆ ಬರ್ದಿದ್ದೆ. ಏಳನೇ ಬ್ಲಾಕು, ಎಂಟು ಗಂಟೆ ಗಂಟ ನೀರು. ಚೆನ್ನಾಗಿ ಬರ್ದಿದ್ದೆ."

ಅವನೇ ಮುಂದುವರಿಸಿದ.

"ಅದಕ್ಕೂ ಮುಂಚೆನೇ ಗೊತ್ತಾಗಿತ್ತು ಅನ್ನು. ತಿರುವಿಗೆ ಬರೋ ಮೊದ್ಲೇ ಒದ್ದೆ ಮಣ್ಣಿನ ವಾಸನೆ ಬಂತು. ಕಾಲು ತೆಗಿಯಾಣ ಅನ್ನಿಸ್ತು. ಅಷ್ಟರಲ್ಲಿ ನೀನು ಒಣ ಅಂದೆ. ಕೇಳ್ತೀನಿ ಅಂತ ಒಪ್ಕಂಡಿದ್ನಲ್ಲ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳ್ಬೇಕಾಗಿದ್ದೋನು ನಾನಾ?" ಎಂದು ಮೊದಲ ಸಲ ನನ್ನ ಕಡೆ ತಿರುಗಿದ. "ನೀನು ಬಂದು ಹೇಳ್ತೀಯ ಅಂತ ಕಾದೆ ಕಣೋ. ಆಸ್ಪತ್ರೆಗೆ ಮೂರ್ ಸಲ ಬಂದೆ. ಮೂರ್ ಸಲನೂ ಕಿತ್ತಳೆಹಣ್ಣು ತಂದೆ."

ಕಾರ್ಯದರ್ಶಿಯ ಫೋನಿನ ವಿಷಯ ತಿಳಿಸಿದೆ. ನಡೆದದ್ದನ್ನು ಬರೆದು, ನನ್ನ ಸಹಿ ಹಾಕಿ ಕಮಿಟಿಗೆ ಕೊಡುತ್ತೇನೆಂದೆ. ಅವನು ಸ್ಟೀರಿಂಗಿನ ಮೇಲೆ ಕೈಯಿಟ್ಟ.

"ಆ ಕೆಲಸ ನಂಗೆ ಬೇಕು," ಎಂದ. "ಗಾಡಿ ಓಡ್ಸೋದು ಬಿಟ್ರೆ ನಂಗೆ ಬೇರೆ ಏನೂ ಬರಲ್ಲ. ಇವ್ರನ್ನ ಇಳಿಸಿ ಹೋದ್ರೆ ಬೆಳಗಾಗೋವರ್ಗೂ ಮಾತಾಡಕ್ಕೆ ಒಬ್ರಿಲ್ಲ. ಬರ್ಕೊಡು. ನಂಗೆ ತೋರಿಸ್ಬೇಡ."

ನನ್ನನ್ನು ಮಾದಾಪುರದ ಬಸ್ ನಿಲ್ದಾಣಕ್ಕೆ ಬಿಟ್ಟ.

ಪತ್ರ ಒಂದೂವರೆ ಪುಟವಾಯಿತು. ದಿನ, ಹೊತ್ತು, ಬ್ಲಾಕು, ರೈಟರ್ ಮಾತು, ನಾನು ಓದಿದ ಪದ. ಪ್ಯಾಡಿನ ಹಾಳೆಯ ಪ್ರತಿ ಲಗತ್ತಿಸಿದೆ. ಆ ಹಿರಿಯ ರೈಟರ್ ಈಗಿಲ್ಲವಾದ್ದರಿಂದ ಅವರಿಂದ ಹೇಳಿಕೆ ಪಡೆಯಲಾಗಲಿಲ್ಲ ಎಂದೂ ಬರೆದೆ. ಸೋಮವಾರ ಕ್ಲಬ್ಬಿಗೆ ಹೋಗಿ ಕಾರ್ಯದರ್ಶಿಯ ಕೈಗೇ ಕೊಟ್ಟೆ. ನಮ್ಮ ಪತ್ರಿಕೆಗೂ ತಿದ್ದುಪಡಿ ಕಳುಹಿಸಿದೆ. ಇಷ್ಟು ಹಳೆಯದಕ್ಕೆ ತಿದ್ದುಪಡಿ ಹಾಕುವ ಪದ್ಧತಿಯಿಲ್ಲವೆಂದು ಸಂಪಾದಕೀಯ ವಿಭಾಗದಿಂದ ಉತ್ತರ ಬಂತು.

ಕಮಿಟಿ ಡಿಸೆಂಬರಿನಲ್ಲಿ ಸೇರಿತು. ಪತ್ರವನ್ನು ಓದಿ ಫೈಲಿನಲ್ಲಿ ಕಟಿಂಗಿನ ಜೊತೆಗೇ ಇಡಲು ತೀರ್ಮಾನಿಸಿದರು. ತರಬೇತುದಾರನ ಕೆಲಸಕ್ಕೆ ಮೈಸೂರಿನ ಒಬ್ಬರನ್ನು ನವೆಂಬರಿನಲ್ಲೇ ಗೊತ್ತುಮಾಡಿ ಆಗಿತ್ತು. ಅವನ ಅರ್ಜಿಯನ್ನು ಮುಂದಿನ ಋತುವಿಗೆ ಪರಿಗಣಿಸುವುದಾಗಿ ಕಾರ್ಯದರ್ಶಿ ಹೇಳಿದರು. ಅವನಿಗೆ ತಿಳಿಸುವ ಕೆಲಸವನ್ನು ನನಗೇ ಒಪ್ಪಿಸಿದರು.

ನಾನು ಅವನಿಗೆ ಮೂರು ಸಲ ಫೋನ್ ಮಾಡಿದ್ದೇನೆ. ಅವನು ಎತ್ತಿಲ್ಲ. ಕಳೆದ ಶನಿವಾರ ಶನಿವಾರಸಂತೆಗೆ ಹೋಗಿದ್ದೆ. ಜೀಪನ್ನು ಬೇರೊಬ್ಬ ಓಡಿಸುತ್ತಿದ್ದ. ಟೈರು ಅಂಗಡಿಯ ಮಹಡಿಯ ಕೋಣೆಗೆ ಬೀಗ ಹಾಕಿತ್ತು. ಎಲ್ಲಿಗೆಂದು ಹೇಳದೆ ಹೋದ, ಹತ್ತು ದಿನದಿಂದ ಹಾಗೇ ಇದೆ ಎಂದು ಅಂಗಡಿಯವರು ಹೇಳಿದರು.