ಎಡ ಮುಗಿದ ಮೇಲೆ ಬಲ

ನಮ್ಮೂರ ಗುಡ್ಡದ ದಾರಿ ಎಲ್ಲಿ ಒಡೆದರೂ ಎರಡಾಗಿಯೇ ಒಡೆಯುತ್ತದೆ. ಹೊಸನಗರದ ರಸ್ತೆ ಬಿಟ್ಟು ಹತ್ತಿದರೆ ಮೊದಲ ಕವಲು. ಅದರ ಎಡದಲ್ಲೊಂದು ಕವಲು, ಬಲದಲ್ಲೊಂದು. ಅವುಗಳಾಚೆ ಮತ್ತೆ ಎರಡೆರಡು. ಒಟ್ಟು ಏಳು ಕವಲು, ಎಂಟು ತುದಿ. ದನ ತಪ್ಪಿಸಿಕೊಂಡರೆ ಅಕ್ಕ ಮೊದಲ ಕವಲಿನ ಬಂಡೆಯ ಮೇಲೆ ಕೂತು ನನ್ನನ್ನು ಅಟ್ಟುತ್ತಿದ್ದಳು.

"ಇಡೀ ಗುಡ್ಡ ಹುಡುಕ್ಬೇಕು ಅಂದ್ಕೋಬೇಡ. ನಿಂತ ಕವಲು ಒಂದೇ ನಿಂದು. ಎಡಕ್ಕೆ ಹೋಗು. ಅಲ್ಲಿ ಇನ್ನೊಂದು ಕವಲು ಸಿಕ್ಕಿದ್ರೆ ಅಲ್ಲೂ ಹಿಂಗೇ ಮಾಡು. ಎಡ ಪೂರಾ ಮುಗಿಸಿ ಬಂದ್ಮೇಲೆ ಅದಕ್ಕೆ ಅಡ್ಡ ಸೊಪ್ಪು ಹಾಕಿ ಬಲಕ್ಕೆ ಹೋಗು. ಎರಡೂ ಆದ್ರೆ ಹಿಂದಿನ ಕವಲಿಗೆ ಇಳಿ."

ಒಮ್ಮೆ ನಾನು ಎಡಕ್ಕೆ ಹೋಗುವಾಗಲೇ ಸೊಪ್ಪು ಹಾಕಿಬಿಟ್ಟೆ. "ಎಂತ ಮಾರಾಯ್ತಿ, ಉಣ್ಣೋಕೆ ಮುಂಚೆನೇ ಎಲೆ ಮಡಚಿದ್ಯಲ್ಲ!" ಎಂದು ಬಿದ್ದು ಬಿದ್ದು ನಕ್ಕಿದ್ದಳು.

ಎಡದ ಕೆಲಸ ಮುಗಿಸಿ ಇಳಿದು ಬಂದು ಅವಳಿಗೆ ಹೇಳಬೇಕಿತ್ತು.

"ಎಡಕ್ಕೆ ಇಲ್ಲ ಅಕ್ಕಾ."

"ಹಂಗಾದ್ರೆ ಬಲಕ್ಕೆ."

ಅರವತ್ತನಾಲ್ಕರ ಬೇಸಿಗೆಯಲ್ಲಿ ಅವಳನ್ನು ತೀರ್ಥಹಳ್ಳಿ ಕಡೆಗೆ ಕೊಟ್ಟರು. ಅತ್ತೆಗೆ ಹುಷಾರಿಲ್ಲವೆಂದು ಮೊದಲ ದೀಪಾವಳಿಗೂ ಬರಲಿಲ್ಲ. ನವೆಂಬರ್ ಎರಡನೇ ಶನಿವಾರ ಸಂಜೆಯ ಬಸ್ಸಿಗೆ ಬರುತ್ತೇನೆಂದು ಹೇಳಿ ಕಳಿಸಿದಳು. ಬಂದವಳೇ ತಾನು ಸಾಕಿದ ಕಡಸನ್ನು ನೋಡಬೇಕಂತೆ. ಶುಕ್ರವಾರವೇ ಆ ಕಡಸು ಕೊಟ್ಟಿಗೆಗೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ಒಬ್ಬಳೇ ಹೋದೆ. ಎಡಭಾಗದ ನಾಲ್ಕು ತುದಿಗಳನ್ನೂ ನೋಡಿ ಇಳಿದು ಬಂದಾಗ ಬಾಯಿ ತಾನಾಗಿ ತೆರೆಯಿತು. ಬಂಡೆ ಖಾಲಿ ಇತ್ತು. ಸೊಪ್ಪು ಮುರಿದು ಹಾಕಿ, ನನಗೆ ನಾನೇ "ಹಂಗಾದ್ರೆ ಬಲಕ್ಕೆ" ಅಂದುಕೊಂಡು ನಡೆದೆ. ಕಡಸು ಎಂಟನೆಯ ತುದಿಯಲ್ಲಿತ್ತು. ಅದರ ಕೊರಳಿನ ಮರದ ಗಂಟೆ ಕೇಳಿದಾಗ ಅಳು ಬಂತು.

ಸಂಜೆ ಅದನ್ನು ಹಗ್ಗ ಹಿಡಿದು ರಸ್ತೆಗೇ ಕರೆದೊಯ್ದೆ. ಬಸ್ಸು ನಿಂತಿತು, ಯಾರೂ ಇಳಿಯಲಿಲ್ಲ.

"ನಿಮ್ಮಕ್ಕ ಬರ್ಲಿಲ್ಲ ತಂಗೀ. ಅತ್ತೆಗೆ ಮತ್ತೆ ಜ್ವರ ಅಂತೆ," ಕಂಡಕ್ಟರ್ ಕಡಸನ್ನು ನೋಡಿ ನಕ್ಕರು. "ಇದಕ್ಕೂ ಟಿಕೆಟ್ ಕೊಡ್ಲಾ, ತೀರ್ಥಹಳ್ಳಿಗೆ?"

ಹಗ್ಗ ಎಳೆದು ಕಡಸನ್ನು ಮನೆ ಕಡೆಗೆ ತಿರುಗಿಸಿದೆ.

ಹಾಕಿದ ಸೊಪ್ಪು ತೆಗೆಯದಿದ್ದರೆ ಬೇರೆಯವರು ದಾರಿ ಮುಚ್ಚಿದೆ ಅಂದುಕೊಳ್ಳುತ್ತಾರೆ. ಭಾನುವಾರ ಹೋಗಿ, ಕೊನೆಯದರಿಂದ ಶುರುಮಾಡಿ ಆರು ಕವಲುಗಳದ್ದನ್ನು ತೆಗೆದೆ. ಬಂಡೆಯ ಪಕ್ಕದ ಕವಲಿನದ್ದು ಮಾತ್ರ ಉಳಿಯಿತು. ಅದರ ಎದುರು ನಿಂತು, "ಬಲಕ್ಕೆ ಸಿಕ್ತು ಅಕ್ಕಾ" ಎಂದೆ. ಸ್ವಲ್ಪ ಹೊತ್ತು ಕಾದು, ಅದನ್ನೂ ತೆಗೆದೆ.