ಎಲೆ ಹಾಕದ ಸೋಮವಾರ

ನಮ್ಮ ಚಿಗವ್ವನ ಪ್ರಾಣ ಉಳಿಸಿದ್ದು ಉಪವಾಸ. ನಗಬೇಡಿ, ನಿಜ.

ಚಿಗವ್ವ ಎಂದರೆ ನಮ್ಮವ್ವನ ತಂಗಿ. ಅಕ್ಕಿಆಲೂರಿನಲ್ಲಿ ನಮ್ಮ ಜೊತೆಗೇ ಇದ್ದಾಳೆ. ಊಟ ಬಿಟ್ಟಾಳು, ಎಲೆ-ಅಡಿಕೆ ಬಿಡಳು. ಶ್ರಾವಣ ಸೋಮವಾರದ ಉಪವಾಸಕ್ಕೆ ಮಾತ್ರ ಎಲೆ ಮುಟ್ಟುವುದಿಲ್ಲ. ಈ ಸಲ ಮೊದಲನೇ ಸೋಮವಾರ ಬೆಳಿಗ್ಗೆ ಬಚ್ಚಲಲ್ಲಿ ಬಾಯಿ ಮುಕ್ಕಳಿಸಿದಳು. ನೀರು ಕೆಂಪು!

"ಉಪಾಸದಾಗ ಕದ್ದು ಎಲಿ ಹಾಕ್ಕೊಂಡೀ ಏನ ಚಿಗವ್ವಾ?" ಎಂದು ಕಾಡಿಸಿದೆ.

"ಶಿವನಾಣಿ ಇಲ್ಲೋ!"

ಹಾಗಾದರೆ ಈ ಕೆಂಪು ಎಲ್ಲಿಯದು? ಮಧ್ಯಾಹ್ನವಾದರೂ ಒಸಡಿನ ರಕ್ತ ನಿಲ್ಲಲಿಲ್ಲ. ತೋಳಿನ ತುಂಬ ಯಾರೋ ಚಿವುಟಿದಂತೆ ನೀಲಿ ಕಲೆಗಳು. ಎಷ್ಟು ದಿನದಿಂದ ಈ ರಕ್ತ ಎಲೆಯ ಕೆಂಪಿನಲ್ಲಿ ಅಡಗಿತ್ತೋ!

ಟ್ರಂಕ್ ಕಾಲ್ ಹಚ್ಚಿ ಕಾಯುವ ಪುರುಸೊತ್ತೆಲ್ಲಿ? ಸಿಕ್ಕ ಬಸ್ಸು ಹಿಡಿದು ಹುಬ್ಬಳ್ಳಿಗೆ ಓಡಿದೆವು. ಎರಡು ತಿಂಗಳ ಹಿಂದೆ ಅವಳ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮತ್ತೆ ಹಾಗಾಗದಂತೆ ಗುಳಿಗೆ ಕೊಟ್ಟ ಡಾಕ್ಟರ್ ಅಲ್ಲಿದ್ದಾರೆ.

"ಇದರ ಜೋಡಿ ಬ್ಯಾರೆ ಏನರ ತಗೊಳ್ಳಾಕತ್ತೀರೇನ್ರಿ?" ಎಂದು ಅವರು ಕೇಳಿದರು.

ಚಿಗವ್ವ ನನ್ನ ಮುಖ ನೋಡಿದಳು. ಮೆಲ್ಲಗೆ ಸೆರಗಿನ ಗಂಟು ಬಿಚ್ಚಿದಳು. ಮೊಣಕಾಲು ನೋವಿಗೆಂದು ಹಾನಗಲ್ಲಿನ ಡಾಕ್ಟರ್ ಕಟ್ಟಿಕೊಟ್ಟ ಪುಡಿಯ ಪೊಟ್ಟಣಗಳು! ಒಳಗಿದ್ದದ್ದು ಆಸ್ಪಿರಿನ್. ಅದೂ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲವಂತೆ. ಎರಡೂ ಕೂಡಿದರೆ ಹೊಟ್ಟೆಯೊಳಗೇ ರಕ್ತ ಸುರಿದು ಜೀವ ಹೋದೀತು ಎಂದರು.

ಒಬ್ಬರ ಔಷಧ ಇನ್ನೊಬ್ಬರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದರು.

"ನಿಮ್ಮ ಹೆಸರ ಹೇಳಿದ್ರ ಅವರು ಬ್ಯಾಸರ ಮಾಡ್ಕೋತಾರ, ಅವರ ಹೆಸರ ಹೇಳಿದ್ರ ನೀವು. ಅದಕ್ಕ ಸುಮ್ಮನಿದ್ದೆರಿ."

(ಬೀಗರ ಮನಸ್ಸು ಕಾಯುವ ಹಾಗೆ ಡಾಕ್ಟರರ ಮನಸ್ಸು ಕಾಯುವವಳು ನಮ್ಮ ಸೀಮೆಯಲ್ಲಿ ಇವಳೊಬ್ಬಳೇ ಏನು?)

ಇಂಜೆಕ್ಷನ್ ಆಯಿತು. ನಾಲ್ಕು ದಿನ ದವಾಖಾನೆಯಲ್ಲಿ ಇಟ್ಟುಕೊಂಡರು. ರಕ್ತ ನಿಂತಿತು, ನನ್ನ ಜೀವ ಮರಳಿ ಬಂತು. ರಕ್ತ ಪರೀಕ್ಷೆ ಮಾಡಿ ಗುಳಿಗೆಯನ್ನು ಮತ್ತೆ ಶುರು ಮಾಡಿದರು. ಪುಡಿಗೆ ಮಾತ್ರ ಕಾಯಂ ರಜೆ.

ಬರುವಾಗ ಚಿಗವ್ವ ಹಾನಗಲ್ಲಿನಲ್ಲೇ ಇಳಿಯೋಣ ಎಂದಳು. ಅಲ್ಲಿಯ ಡಾಕ್ಟರರ ಮುಂದೆ ಹುಬ್ಬಳ್ಳಿಯ ಚೀಟಿ ಇಟ್ಟು ತಲೆ ತಗ್ಗಿಸಿ ನಿಂತಳು. ಅವರು ಸಿಟ್ಟಾದರೇ? ಎದ್ದು ಬಂದು ಅವಳ ಕೈ ಹಿಡಿದರು.

"ಯವ್ವಾ, ಮೊದಲ ಹೇಳಿದ್ರ ನಾ ಆ ಪುಡಿ ಕೊಡತಿದ್ದಿಲ್ಲ. ಒಡ್ಯಾಕ ನನ್ನ ಮನಸ್ಸು ಗಾಜಿನ ಬಳಿ ಏನ್ರಿ?"

ಮೊಣಕಾಲಿಗೆ ತಿಕ್ಕಲು ಎಣ್ಣೆ ಕೊಟ್ಟು, ತಾವೂ ಒಂದು ಚೀಟಿ ಬರೆದು ಕಳಿಸಿದರು. ಈಗ ಎರಡೂ ಚೀಟಿ ಒಂದೇ ಗಂಟಿನಲ್ಲಿವೆ. "ಇಬ್ಬರನ್ನೂ ಗುರುತ ಮಾಡಿಸೇನಿ" ಎಂದು ಓಣಿ ತುಂಬ ಹೇಳಿಕೊಂಡು ತಿರುಗುತ್ತಿದ್ದಾಳೆ.

ಅದಿರಲಿ, ಡಾಕ್ಟರರಿಗೆ ಬೇಸರವಾದೀತೆಂದು ನೀವು ಬಚ್ಚಿಟ್ಟ ಪೊಟ್ಟಣ ಯಾವುದು?